ಹೊಸ ಲಿವರ್, ಹಳೆಯ ರಕ್ತನಾಳ

ಜಮಖಂಡಿ, ಮುಧೋಳದ ರೈತರಿಗೆ ಕುಳೆ ಕಬ್ಬೆಂದರೇನು ಎಂದು ಯಾರೂ ಹೇಳಿಕೊಡಬೇಕಿಲ್ಲ. ಕಡಿದ ಮೇಲೂ ಬುಡ ನೆಲದಲ್ಲೇ ಉಳಿದು, ನೀರು ಕಂಡೊಡನೆ ಮತ್ತೆ ಚಿಗುರುತ್ತದೆ. ಒಳಾಂಗಗಳಲ್ಲಿ ಇಂಥ ಕಸುವು ಯಕೃತ್ತಿಗಿರುವಷ್ಟು ಇನ್ನಾವುದಕ್ಕೂ ಇಲ್ಲ. ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲು ತೆಗೆದರೂ ಉಳಿದದ್ದು ಬೆಳೆದು ತೂಕ ತುಂಬಿಕೊಳ್ಳುತ್ತದೆ ಎಂದು 1931ರಲ್ಲೇ ಹಿಗ್ಗಿನ್ಸ್ ಮತ್ತು ಆಂಡರ್ಸನ್ ತೋರಿಸಿದ್ದರು. ಕಬ್ಬಿನ ಹೋಲಿಕೆ ಪೂರ್ತಿ ಹೊಂದುವುದಿಲ್ಲ, ನಿಜ: ಇಲ್ಲಿ ಕಡಿದ ಭಾಗ ಚಿಗುರುವುದಿಲ್ಲ, ಉಳಿದ ಭಾಗವೇ ಹಿಗ್ಗುತ್ತದೆ. ಬದುಕಿರುವ ದಾನಿಯ ಯಕೃತ್ತಿನ ಬಲಭಾಗವನ್ನು, ಅಂದರೆ ಸುಮಾರು ಶೇ. 60ರಷ್ಟನ್ನು, ರೋಗಿಗೆ ಜೋಡಿಸಿದಾಗ ಕೊಟ್ಟವರಲ್ಲೂ ಪಡೆದವರಲ್ಲೂ ನಡೆಯುವುದು ಇದೇ. ಇದನ್ನು ನಡೆಸುವವು ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನುಗಳು. ಜಪಾನಿನ ತೊಶಿಕಾಜು ನಕಮುರ 1980ರ ದಶಕದಲ್ಲಿ ಗುರುತಿಸಿದ ಎಚ್‌ಜಿಎಫ್ ಕೋಶಗಳನ್ನು ಇಮ್ಮಡಿಯಾಗಲು ಹೊರಡಿಸುತ್ತದೆ. ಟಿಜಿಎಫ್-ಬೀಟಾ ಅವುಗಳಿಗೆ ಕಡಿವಾಣ ಹಾಕುತ್ತದೆ. ಈ ಕೆಲಸಕ್ಕೆ ಹೊರಗಿನ ಯಾವ ‘ಲಿವರ್ ಟಾನಿಕ್’ ಕೂಡ ಬೇಕಿಲ್ಲ. ಪೇಟೆಯ ಗಿಡಮೂಲಿಕೆ ಪುಡಿ, ಅಂಗ ತಿರಸ್ಕಾರ ತಡೆಯುವ ಕಸಿಯ ಮಾತ್ರೆಗಳ ಜತೆ ಜಗಳಕ್ಕಿಳಿದರೆ ನಷ್ಟ ರೋಗಿಗೇ.

ಯಕೃತ್ತು ಹೀಗೆ ತಾನೇ ಬೆಳೆಯುವುದನ್ನು ಕಂಡು, ಇನ್ನು ಕಷ್ಟ ಮುಗಿಯಿತು ಎಂದುಕೊಳ್ಳುವುದೇ ತಪ್ಪು ಎಂಬುದು ನನ್ನ ವಾದ. ಮೊದಲ ಕೆಲವು ತಿಂಗಳು ಬೆಳವಣಿಗೆಯವು. ಅನಂತರದ ವರ್ಷಗಳ ಲೆಕ್ಕದಲ್ಲಿ ಕೊಲೆಸ್ಟ್ರಾಲಿಗೆ ದೊಡ್ಡ ಪಾಲಿದೆ. ರಕ್ತದ ಕೊಲೆಸ್ಟ್ರಾಲನ್ನು ತಯಾರಿಸುವುದರಲ್ಲೂ ಹಿಡಿದು ಹೊರಹಾಕುವುದರಲ್ಲೂ ಯಕೃತ್ತೇ ಯಜಮಾನ. 1984ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಥಾಮಸ್ ಸ್ಟಾರ್ಜಲ್ ಅವರ ತಂಡ, ಹುಟ್ಟಿನಿಂದ ಬಂದ ಕಾಯಿಲೆಯಿಂದ ಕೊಲೆಸ್ಟ್ರಾಲ್ 1,000 ದಾಟಿದ್ದ ಆರು ವರ್ಷದ ಬಾಲೆಗೆ ಹೃದಯ ಮತ್ತು ಯಕೃತ್ತು ಎರಡನ್ನೂ ಕಸಿ ಮಾಡಿತು. ಸಂಖ್ಯೆ 300ರ ಆಸುಪಾಸಿಗೆ ಇಳಿಯಿತು. ಹಾಗಾದರೆ ಉಳಿದವರಲ್ಲಿ ಹೊಸ ಲಿವರ್ ಬಂದ ಮೇಲೆ ಕೊಲೆಸ್ಟ್ರಾಲ್ ಏರುವುದೇಕೆ? ಸಿರೋಸಿಸ್‌ನಲ್ಲಿ ಸೋತ ಯಕೃತ್ತಿಗೆ ಕೊಲೆಸ್ಟ್ರಾಲ್ ತಯಾರಿಸುವ ಶಕ್ತಿ ಕುಂದಿರುತ್ತದೆ. ಆಪರೇಶನ್ನಿಗೆ ಮುಂಚಿನ ವರದಿಯಲ್ಲಿ ಕಾಣುವ ಕಡಿಮೆ ಅಂಕಿ ಆರೋಗ್ಯದ ಗುರುತಲ್ಲ. ಕಸಿಯ ನಂತರ ಹಸಿವು ಮರಳುತ್ತದೆ, ತೂಕ ಏರುತ್ತದೆ. ಅದರ ಮೇಲೆ ಸ್ಟೀರಾಯ್ಡ್, ಸೈಕ್ಲೋಸ್ಪೋರಿನ್‌ನಂಥ ಕಸಿಯ ಔಷಧಿಗಳು ಕೊಬ್ಬನ್ನು ಇನ್ನಷ್ಟು ಏರಿಸುತ್ತವೆ. ಅದೇ ಕೆಲಸದ ಟ್ಯಾಕ್ರೊಲಿಮಸ್‌ನ ಕಾಟ ಈ ವಿಷಯದಲ್ಲಿ ಸ್ವಲ್ಪ ಕಡಿಮೆ.

ಬೆಳವಣಿಗೆಯ ಕಥೆಗೂ ಕೊಬ್ಬಿನ ಕಥೆಗೂ ಗಂಟು ಬೀಳುವುದು ಸಿರೊಲಿಮಸ್, ಎವರೊಲಿಮಸ್ ಎಂಬ ಕಸಿಯ ಮಾತ್ರೆಗಳಲ್ಲಿ. ಈಸ್ಟರ್ ದ್ವೀಪದ ಮಣ್ಣಿನ ಸೂಕ್ಷ್ಮಜೀವಿಯಿಂದ ಸಿಕ್ಕ ಔಷಧಿ ಸಿರೊಲಿಮಸ್. ಎವರೊಲಿಮಸ್ ಅದರದೇ ಮಾರ್ಪಾಡು. ಗ್ರೋತ್ ಫ್ಯಾಕ್ಟರುಗಳ ಸುದ್ದಿ ಕೋಶದೊಳಗೆ ಹಾದುಹೋಗುವ ಎಂಟಾರ್ ಎಂಬ ಠಾಣೆಯನ್ನೇ ಇವು ಮುಚ್ಚಿಸುತ್ತವೆ. ರೋಗನಿರೋಧಕ ಕೋಶಗಳು ಹೆಚ್ಚುವುದು ನಿಲ್ಲುತ್ತದೆ, ಮೂತ್ರಪಿಂಡಕ್ಕೂ ಭಾರ ತಗ್ಗುತ್ತದೆ. ಆದರೆ ಗಾಯ ಮಾಯುವುದು ತಡವಾಗುತ್ತದೆ, ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಜಿಗಿಯುತ್ತವೆ. ಎವರೊಲಿಮಸನ್ನು ಸಾಮಾನ್ಯವಾಗಿ ಮೊದಲ ತಿಂಗಳು ಕಳೆದ ಮೇಲೆಯೇ ಶುರುಮಾಡುತ್ತಾರೆ. ಕಸಿಯಾಗಿ ವರ್ಷ ದಾಟಿದವರ ಸಾವಿಗೆ ಹೃದಯ ಮತ್ತು ರಕ್ತನಾಳಗಳ ಕಾಯಿಲೆ ಪ್ರಮುಖ ಕಾರಣಗಳಲ್ಲಿ ಒಂದು. ಲಿವರ್ ಹೊಸದಾದರೂ ಅದಕ್ಕೆ ರಕ್ತ ತರುವ ದೇಹದ ನಾಳಗಳು ಹಳೆಯವೇ.

‘ನಾವು ಉಣ್ಣುವುದು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಕಾಳಿನ ಪಲ್ಯೆ, ಕೊಬ್ಬು ಎಲ್ಲಿಂದ ಬಂತು?’ ಎಂದು ಬೀಳಗಿಯ ಕಡೆಯ ಯಾರಾದರೂ ಕೇಳಿದರೆ ಅದು ತೆಗೆದುಹಾಕುವ ಪ್ರಶ್ನೆಯಲ್ಲ. ಊಟ ಒಳ್ಳೆಯದೇ. ಆದರೆ ಈ ಕೊಬ್ಬಿನ ಬಹುಪಾಲು ತಟ್ಟೆಯಿಂದ ಬಂದದ್ದಲ್ಲ, ದೇಹದೊಳಗೇ ತಯಾರಾದದ್ದು. ಟ್ರೈಗ್ಲಿಸರೈಡಿಗಂತೂ ಎಣ್ಣೆಯಷ್ಟೇ ಬೆಲ್ಲ, ಸಕ್ಕರೆಯೂ ಕಾರಣ, ಕಬ್ಬಿನ ಸೀಮೆಯಲ್ಲಿ ಈ ಮಾತು ರುಚಿಸದಿದ್ದರೂ. ರಬಕವಿ-ಬನಹಟ್ಟಿಯಲ್ಲಿ ದಿನವಿಡೀ ಮಗ್ಗದ ಮುಂದೆ ದುಡಿಯುವುದು ವ್ಯಾಯಾಮದ ಲೆಕ್ಕದಲ್ಲಿ ಚುರುಕಾದ ನಡಿಗೆಗೆ ಸಾಟಿಯಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಲಿವರಿಗೇ ಕೆಟ್ಟದ್ದಲ್ಲವೇ? ಅದರಿಂದ ಯಕೃತ್ತಿಗೆ ಗಂಭೀರ ಹಾನಿಯಾಗುವುದು ಅತಿ ವಿರಳ. ಕಸಿಯಾದವರಿಗೂ ವೈದ್ಯರು ಅದನ್ನು ಕೊಡುತ್ತಾರೆ. ನಿಜವಾದ ಅಪಾಯ ಬೇರೆ ಕಡೆಯಿದೆ. ಸೈಕ್ಲೋಸ್ಪೋರಿನ್ ಜತೆಗಿದ್ದಾಗ ರಕ್ತದಲ್ಲಿ ಸ್ಟ್ಯಾಟಿನ್ ಪ್ರಮಾಣ ಏರಿ ಸ್ನಾಯುಗಳು ಕರಗಬಹುದು. ಆದ್ದರಿಂದ ಕಡಿಮೆ ಡೋಸಿನಿಂದ ಆರಂಭ. ಆ ಜೋಡಿಯಲ್ಲಿ ಸಿಂವಾಸ್ಟ್ಯಾಟಿನ್ ಕೂಡದು. ಚಕ್ಕೋತವೂ ಬೇಡ, ಅದು ಕಸಿಯ ಮಾತ್ರೆಗಳ ಮಟ್ಟವನ್ನು ಏರಿಸುತ್ತದೆ. ಕೊಲೆಸ್ಟ್ರಾಲ್ ಏರಿಸುವ ಮಾತ್ರೆಯನ್ನೇ ಬಿಟ್ಟರಾಯಿತು ಎನ್ನುವವರು, ದೇಹ ಆ ಲಿವರನ್ನು ಪರಕೀಯವೆಂದು ತಿರಸ್ಕರಿಸಲು ಬಾಗಿಲು ತೆರೆಯುತ್ತಾರೆ.

ಈ ನಾಲ್ಕೂ ಊರುಗಳಿಂದ ಬೆಂಗಳೂರು ಸುಮಾರು 500 ಕಿಲೋಮೀಟರ್. ಮರಣಾನಂತರ ದಾನವಾದ ಅಂಗಗಳನ್ನು ಹಂಚುವ ‘ಜೀವಸಾರ್ಥಕತೆ’ಯ ಕೇಂದ್ರ ಕಚೇರಿಯೂ ಅಲ್ಲೇ. ಆಪರೇಶನ್ನಿಗೆ ದೂರ ಹೋಗಬೇಕಾದೀತು. ಆದರೆ ಲಿಪಿಡ್ ಪರೀಕ್ಷೆ, ಬಿಪಿ, ಸಕ್ಕರೆ, ತೂಕ ಇವೆಲ್ಲ ತಾಲೂಕಿನಲ್ಲೇ ಆಗುವಂಥವು. ಟ್ಯಾಕ್ರೊಲಿಮಸ್ ಮಟ್ಟ ನೋಡಲು ಮಾತ್ರ ರಕ್ತವನ್ನು ದೊಡ್ಡ ಲ್ಯಾಬಿಗೆ ಕಳಿಸಬೇಕಾದೀತು, ಅದೂ ಬೆಳಗಿನ ಮಾತ್ರೆ ನುಂಗುವ ಮುಂಚೆ ತೆಗೆದ ರಕ್ತವನ್ನು.