ಗಾಯ ತೊಳೆಯುವ ಹುಳುಗಳು

ಗಾಯಕ್ಕೆ ಹುಳು ಬಿದ್ದಿತೆಂದರೆ ಅದು ಕೈಮೀರಿತೆಂದೇ ನಮ್ಮ ಜನ ಭಾವಿಸುತ್ತಾರೆ. ಆದರೆ ವೈದ್ಯರೇ ಹುಳುಗಳನ್ನು ಗಾಯದೊಳಗೆ ಬಿಡುವ ಚಿಕಿತ್ಸೆಯೊಂದಿದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2004ರ ಜನವರಿಯಲ್ಲಿ ಅದಕ್ಕೆ ಅನುಮತಿ ನೀಡಿತು. ಜೀವಂತ ಹುಳುವನ್ನು ಅದು ಸೇರಿಸಿದ್ದು ‘ವೈದ್ಯಕೀಯ ಸಾಧನ’ಗಳ ಪಟ್ಟಿಗೆ ಎಂಬುದೊಂದು ಸ್ವಾರಸ್ಯ!

ಇದರ ಬೇರು ರಣರಂಗದಲ್ಲಿದೆ. ಮೊದಲನೆಯ ಮಹಾಯುದ್ಧದ ಕಾಲ, 1917. ತೊಡೆಯ ಮೂಳೆ ಮುರಿದು, ಹೊಟ್ಟೆಗೂ ಗಾಯವಾಗಿದ್ದ ಇಬ್ಬರು ಸೈನಿಕರು ಅನ್ನ ನೀರಿಲ್ಲದೆ ಏಳು ದಿನ ಯುದ್ಧಭೂಮಿಯಲ್ಲೇ ಬಿದ್ದಿದ್ದರು. ಅಂತಹ ಗಾಯಾಳುಗಳು ಬದುಕುವುದೇ ಆಗ ಅಪರೂಪ. ಆದರೆ ಇವರಿಗೆ ಜ್ವರವೂ ಇಲ್ಲದ್ದನ್ನು ಕಂಡು ಅಮೆರಿಕದ ಮೂಳೆವೈದ್ಯ ವಿಲಿಯಂ ಬೇಯರ್ ಬೆರಗಾದರು. ಗಾಯಗಳಲ್ಲಿ ಸಾವಿರಾರು ಹುಳುಗಳು ಮಿಜಿಗುಡುತ್ತಿದ್ದವು. ಅವನ್ನು ತೊಳೆದು ತೆಗೆದಾಗ ಅಡಿಯಲ್ಲಿ ಕಂಡದ್ದು ಕೀವಲ್ಲ, ನಸುಗೆಂಪು ಹೊಸ ಮಾಂಸ.

ಹತ್ತು ವರ್ಷಗಳ ತರುವಾಯ ಬೇಯರ್, ಬಾಲ್ಟಿಮೋರ್ ನಗರದಲ್ಲಿ ಮೂಳೆಯ ಸೋಂಕಿನಿಂದ ನರಳುತ್ತಿದ್ದ ಮಕ್ಕಳಿಗೆ ಇದೇ ಚಿಕಿತ್ಸೆ ಮಾಡಿದರು. ಫಲಿತಾಂಶ ಚೆನ್ನಾಗಿತ್ತು, ಆದರೆ ಕೆಲವು ರೋಗಿಗಳಿಗೆ ಧನುರ್ವಾಯು ತಗುಲಿತು. ಹುಳುಗಳನ್ನೇ ಮೊದಲು ಶುದ್ಧಗೊಳಿಸಬೇಕೆಂಬ ಅರಿವು ಮೂಡಿದ್ದು ಆಗ. 1930ರ ದಶಕದಲ್ಲಿ ಅಮೆರಿಕದ 300ಕ್ಕೂ ಹೆಚ್ಚು ಆಸ್ಪತ್ರೆಗಳಲ್ಲಿ ಈ ಪದ್ಧತಿ ಬಳಕೆಯಲ್ಲಿತ್ತು. ಪೆನಿಸಿಲಿನ್ ಬಂದ ಮೇಲೆ ಅದು ಮೂಲೆಗುಂಪಾಯಿತು.

ಔಷಧಗಳಿಗೆ ಬಗ್ಗದ ರೋಗಾಣುಗಳು ಹೆಚ್ಚಿದ್ದರಿಂದ ಹುಳು ಮರಳಿ ಬಂದಿದೆ. ಮಧುಮೇಹಿಗಳ ಪಾದದ ಹುಣ್ಣನ್ನೇ ನೋಡಿ. ಸತ್ತ ಮಾಂಸಕ್ಕೆ ರಕ್ತ ಹರಿಯದು. ರಕ್ತ ಹರಿಯದಲ್ಲಿಗೆ ನುಂಗಿದ ಮಾತ್ರೆಯೂ ತಲುಪದು. ಕೊಳೆತದ್ದನ್ನು ತೆಗೆಯದಿದ್ದರೆ ಕೊನೆಗೆ ಕಾಲನ್ನೇ ಕತ್ತರಿಸಬೇಕಾಗಬಹುದು.

ಇದಕ್ಕೆ ಬಳಸುವುದು ಲೂಸಿಲಿಯಾ ಸೆರಿಕಾಟಾ ಎಂಬ ಹೊಳಪಿನ ಹಸಿರು ನೊಣದ ಮರಿಗಳನ್ನು. ಪ್ರಯೋಗಾಲಯದಲ್ಲಿ ಮೊಟ್ಟೆಗಳನ್ನು ಸೋಂಕುಮುಕ್ತಗೊಳಿಸಿ ಮರಿ ಮಾಡಿಸುತ್ತಾರೆ. ಒಂದು ಚದರ ಸೆಂಟಿಮೀಟರಿಗೆ ಐದರಿಂದ ಎಂಟರಂತೆ ಗಾಯದಲ್ಲಿಟ್ಟು, ಬಲೆಬಟ್ಟೆಯಿಂದ ಮುಚ್ಚುತ್ತಾರೆ. ಹುಳು ಮಾಂಸವನ್ನು ಅಗಿಯುವುದಿಲ್ಲ. ಅದು ಸ್ರವಿಸುವ ಕಿಣ್ವಗಳು ಸತ್ತ ಭಾಗವನ್ನು ಕರಗಿಸುತ್ತವೆ. ಆ ರಸವನ್ನು ಬ್ಯಾಕ್ಟೀರಿಯಾಗಳ ಸಮೇತ ಅದು ಹೀರುತ್ತದೆ. ಎರಡು ಮೂರು ದಿನಗಳಲ್ಲಿ ಕೊಬ್ಬಿದ ಹುಳುಗಳನ್ನು ತೆಗೆದುಹಾಕುತ್ತಾರೆ.

ಹಾಗೆಂದು ಇದು ಸಂಜೀವಿನಿಯಲ್ಲ. ಕಾಲಿನ ಹುಣ್ಣಿನ 267 ರೋಗಿಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ, ಹುಳು ಬಿಟ್ಟ ಗಾಯಗಳು ಬೇಗ ಶುಚಿಯಾದವು. ಆದರೆ ಬೇಗ ಮಾಯಲಿಲ್ಲ. ನೋವೂ ಹೆಚ್ಚಿತ್ತು. ಗಾಯ ಶುಚಿಯಾಗುವುದು ಬೇರೆ, ಮಾಯುವುದು ಬೇರೆ. ಕಟ್ಟಿಕೊಂಡ ರಕ್ತನಾಳವನ್ನು ಯಾವ ಹುಳುವೂ ತೆರೆಯಲಾರದು.

ತಾನಾಗಿ ಬಿದ್ದ ಹುಳುವನ್ನು ಮಾತ್ರ ಚಿಕಿತ್ಸೆಯೆಂದು ಬಗೆದು ಬಿಡುವಂತಿಲ್ಲ. ಭಾರತದಲ್ಲಿರುವ ಕ್ರೈಸೋಮಿಯಾ ಬೆಜ್ಜಿಯಾನಾ ಎಂಬ ನೊಣದ ಮರಿಗಳು ತಿನ್ನುವುದು ಜೀವಂತ ಮಾಂಸವನ್ನೇ. ದನಕರುಗಳ ಗಾಯಗಳನ್ನು ಕೊರೆಯುವ ಇವು ಮನುಷ್ಯರನ್ನೂ ಬಿಡುವುದಿಲ್ಲ. ಅಂತಹ ಗಾಯವನ್ನು ಅಂದೇ ವೈದ್ಯರಿಗೆ ತೋರಿಸಬೇಕು.