ಮೋಟುರೆಕ್ಕೆಯ ಜೀರುಂಡೆ: ಅದರ ನೆಲೆ, ಅದರ ದಾಖಲೆ

ಮಳೆಗಾಲ ಇಳಿಮುಖವಾಗುವ ದಿನಗಳಲ್ಲಿ, ದೀಪ ಹೊತ್ತಿದೊಡನೆ ಗೋಡೆಗೆ ಬಂದು ಮುತ್ತುವ ಹುಳುಗಳ ನಡುವೆ ಒಂದು ಸಣ್ಣ ಹುಳು ತನ್ನ ಬಣ್ಣದಿಂದಲೇ ಬೇರೆಯಾಗಿ ತೋರುವುದು. ಉದ್ದ 7ರಿಂದ 10 ಮಿಲಿಮೀಟರು. ತಲೆ ಕಪ್ಪು, ಎದೆ ಕೆಂಗಿತ್ತಳೆ, ನಡುವೆ ನೀಲಿಗಪ್ಪಿನ ಮೋಟಾದ ಹೊರರೆಕ್ಕೆ, ಹೊಟ್ಟೆ ಪುನಃ ಕೆಂಗಿತ್ತಳೆ, ತುದಿ ಕಪ್ಪು. ನೋಡಿದವರು ಇರುವೆಯೆಂದು ಭ್ರಮಿಸುವುದುಂಟು. ಆದರೆ ಇದು ಜೀರುಂಡೆ. ಹಾರುವ ರೆಕ್ಕೆಯನ್ನು ಆ ಮೋಟು ಹೊದಿಕೆಯ ಕೆಳಗೆ ಮಡಿಚಿಟ್ಟುಕೊಂಡಿರುತ್ತದೆ. ಶಾಸ್ತ್ರಜ್ಞರು ಇದನ್ನು ಪೀಡರಸ್ ಎಂದು ಕರೆದಿದ್ದಾರೆ. ಏಷ್ಯಾ ಖಂಡದ ಬತ್ತದ ಗದ್ದೆಗಳಲ್ಲಿ ಬಹಳವಾಗಿ ಕಾಣುವ ಜಾತಿಗೆ ಪೀಡರಸ್ ಫುಸಿಪಿಸ್ ಎಂದು ಹೆಸರು.

ಇದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ಮೈಮೇಲೆ ಕುಳಿತುದನ್ನು ನಾವು ಅರಿಯದೆ ಉಜ್ಜಿದಾಗ ಅದರ ರಕ್ತದಲ್ಲಿರುವ ಪೆಡೆರಿನ್ ಎಂಬ ವಿಷವು ಚರ್ಮಕ್ಕೆ ತಗಲಿ, ಒಂದೆರಡು ದಿನಗಳಲ್ಲಿ ಗೆರೆ ಎಳೆದಂತೆ ಬೊಕ್ಕೆ ಏಳುತ್ತದೆ. ಇದನ್ನು ಸರ್ಪಸುತ್ತೆಂದು ಭಾವಿಸಿ ಇಲ್ಲದ ಚಿಕಿತ್ಸೆಗೆ ಓಡುವವರಿದ್ದಾರೆ. ಹುಳುವನ್ನು ಊದಿ ಹಾರಿಸುವುದು, ತಗಲಿದ ಕಡೆ ಸಾಬೂನು ನೀರಿನಿಂದ ತೊಳೆಯುವುದು, ಆ ಕೈಯಿಂದ ಕಣ್ಣು ಮುಟ್ಟದಿರುವುದು: ಮಕ್ಕಳಿಗೆ ಇಷ್ಟನ್ನು ಕಲಿಸಿದರೆ ಸಾಕು. ಸೋಜಿಗವೇನೆಂದರೆ, ಈ ವಿಷವನ್ನು ತಯಾರಿಸುವುದು ಹುಳುವಲ್ಲ. ಅದರ ದೇಹದಲ್ಲಿ ಆಶ್ರಯ ಪಡೆದಿರುವ ಬ್ಯಾಕ್ಟೀರಿಯ.

ಇನ್ನು ಇದರ ನೆಲೆಯ ವಿಚಾರ. ಹುಳು ಕಂಡ ಸ್ಥಳ ಬೇರೆ, ಹುಳು ಬಾಳುವ ಸ್ಥಳ ಬೇರೆ. ದೀಪದ ಕೆಳಗೆ ಸಿಕ್ಕ ಹುಳು ಬೆಳಕಿಗೆ ಮರುಳಾಗಿ ಹಾರಿ ಬಂದ ಅತಿಥಿ. ನಾರಾಯಣಪೇಟೆಯ ಒಂದು ಮನೆಯ ಗೋಡೆಯ ಮೇಲೆ ಅದು ಕಂಡಿತೆಂದ ಮಾತ್ರಕ್ಕೆ ಆ ಮನೆ ಅದರ ವಾಸಸ್ಥಾನವಾಗದು. ತೇವದ ಮಣ್ಣು ಅದರ ತವರು. ಅಲ್ಲಿ ಮೊಟ್ಟೆ ಇಡುತ್ತದೆ, ಅಲ್ಲಿಯೇ ಮರಿ ಬೆಳೆಯುತ್ತದೆ. ಆದುದರಿಂದ ಹಗಲಿನಲ್ಲಿ ಬತ್ತದ ಬದುಗಳಲ್ಲಿ, ಕಾಲುವೆಯ ಅಂಚಿನಲ್ಲಿ, ಕೆರೆಯಂಗಳದ ಹುಲ್ಲಿನ ಬುಡದಲ್ಲಿ ಹುಡುಕಬೇಕು. ತೊಗರಿ, ಹತ್ತಿ ಬೆಳೆಯುವ ಒಣ ಹೊಲಗಳಿಗೂ ನೀರುಣ್ಣುವ ಗದ್ದೆಗಳಿಗೂ ಇರುವ ಅಂತರವನ್ನು ನಮ್ಮ ಸೀಮೆಯಷ್ಟು ಸ್ಪಷ್ಟವಾಗಿ ತೋರಿಸುವ ಪಾಠಶಾಲೆ ಬೇರೆಲ್ಲಿದೆ? ಕೃಷ್ಣೆಯು ತಂಗಡಗಿಯ ಬಳಿ ತೆಲಂಗಾಣವನ್ನು ಹೊಗುತ್ತಾಳೆ. ಭೀಮೆ ಬಂದು ಕೂಡುವುದೂ ಆ ಆಸುಪಾಸಿನಲ್ಲಿಯೇ. ಕೆಳಗೆ ಗದ್ವಾಲದ ಹತ್ತಿರ ಜೂರಾಲ ಅಣೆಕಟ್ಟು, ಅದರ ಕಾಲುವೆಗಳು. ಗದ್ವಾಲದಿಂದಾಚೆ ಕೃಷ್ಣಾ ತುಂಗಭದ್ರೆಗಳ ನಡುವಣ ನಡಿಗಡ್ಡ. ಮಕ್ತಲದ ಬಳಿ ಸಂಗಂಬಂಡದ ಜಲಾಶಯ. ಕಾಲುವೆ ನೀರು ಬಂದ ಊರಿನಲ್ಲಿಯೂ ಬಾರದ ಊರಿನಲ್ಲಿಯೂ ಒಂದೇ ವಾರದಲ್ಲಿ ಹುಡುಕಿ ನೋಡಿದರೆ, ನೀರಿನೊಡನೆ ಈ ಹುಳುವಿಗಿರುವ ನಂಟು ವಿದ್ಯಾರ್ಥಿಗಳಿಗೆ ತಾನೇ ತಿಳಿಯುವುದು. ಹುಡುಕಿಯೂ ಕಾಣದಿದ್ದರೆ ‘ಕಾಣಲಿಲ್ಲ’ವೆಂಬುದನ್ನೂ ಬರೆಯತಕ್ಕದ್ದು. ಅದೂ ಒಂದು ದಾಖಲೆಯೇ.

ಈ ಕೆಲಸವೇತಕ್ಕೆ ಎಂದು ಕೇಳುವ ರೈತರಿಗೆ ಉತ್ತರವಿದೆ. ಗದ್ದೆಯಲ್ಲಿ ಇದು ಬತ್ತವನ್ನು ತಿನ್ನುವುದಿಲ್ಲ. ಬತ್ತವನ್ನು ಹೀರಿ ಸುಡುವ ಕಂದು ಜಿಗಿಹುಳು ಮೊದಲಾದವುಗಳನ್ನು ತಿನ್ನುತ್ತದೆ. ಬೊಕ್ಕೆಯ ಸಿಟ್ಟಿನಿಂದ ಗದ್ದೆಗೆಲ್ಲ ಔಷಧ ಹೊಡೆದರೆ ಕಾವಲುಗಾರನನ್ನು ಕೊಂದು ಕಳ್ಳನಿಗೆ ಬಾಗಿಲು ತೆರೆದಂತಾಗುವುದು. ಅದು ಎಲ್ಲಿದೆ, ಯಾವ ತಿಂಗಳಲ್ಲಿ ದೀಪಕ್ಕೆ ಬರುತ್ತದೆ ಎಂಬುದು ಬರೆಹದಲ್ಲಿದ್ದರೆ, ಆ ತಿಂಗಳು ವಿದ್ಯಾರ್ಥಿನಿಲಯದ ಕಿಟಕಿಗೆ ಜಾಲರಿ ಹಾಕಿದರೆ ಮುಗಿಯಿತು. ಗದ್ದೆಯ ತಂಟೆಗೆ ಹೋಗಬೇಕಿಲ್ಲ.

ಸ್ಥಳದ ಹೆಸರನ್ನು ಬರೆಯುವಲ್ಲಿ ಮಾತ್ರ ಬಹಳ ಎಚ್ಚರ ಬೇಕು. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತನ್ನು ಕುರಿತ ಗ್ರಂಥಮಾಲೆಯಲ್ಲಿ ಈ ಕುಟುಂಬದ ಜೀರುಂಡೆಗಳ ಸಂಪುಟಗಳನ್ನು ಮಾಲ್ಕಂ ಕ್ಯಾಮರಾನ್ 1930ರಿಂದ 1939ರವರೆಗೆ ಪ್ರಕಟಿಸಿದನು. ಆಗ ಮಕ್ತಲದಲ್ಲಿ ಯಾರಾದರೂ ಒಂದು ಹುಳು ಹಿಡಿದಿದ್ದರೆ ಅದರ ಚೀಟಿಯಲ್ಲಿ ಹೈದರಾಬಾದು ಸಂಸ್ಥಾನವೆಂದಿರುತ್ತಿತ್ತು. 1956ರ ನವೆಂಬರಿನ ತರುವಾಯ ಅದೇ ಹೊಲ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆ, 2014ರಲ್ಲಿ ತೆಲಂಗಾಣ, 2019ರ ಫೆಬ್ರವರಿಯಿಂದ ನಾರಾಯಣಪೇಟೆ ಜಿಲ್ಲೆ. ಗದ್ವಾಲವಾದರೋ 2016ರಲ್ಲಿಯೇ ಬೇರೆ ಜಿಲ್ಲೆಯಾಯಿತು. ಹುಳು ಮಾತ್ರ ಇದ್ದಲ್ಲಿಯೇ ಇದೆ! ಆದುದರಿಂದ ಜಿಲ್ಲೆಯ ಹೆಸರೊಂದನ್ನೇ ನಂಬದೆ, ಊರು, ಊರಿನಿಂದ ದಿಕ್ಕು ಮತ್ತು ದೂರ, ಹತ್ತಿರದ ಹಳ್ಳ ಅಥವಾ ಕಾಲುವೆ, ಸಾಧ್ಯವಾದರೆ ಅಕ್ಷಾಂಶ ರೇಖಾಂಶಗಳನ್ನೂ ಬರೆಯಬೇಕು. ಅಕ್ಷಾಂಶ ರೇಖಾಂಶಗಳನ್ನು ಈಗ ಕೈಯಲ್ಲಿನ ದೂರವಾಣಿಯೇ ತೋರಿಸುತ್ತದೆ. ದಿನಾಂಕ, ಹೊತ್ತು, ದೀಪದಲ್ಲಿ ಸಿಕ್ಕಿತೋ ನೆಲದಲ್ಲಿ ಸಿಕ್ಕಿತೋ, ಹಿಡಿದವರಾರು ಎಂಬಿವು ಬಿಡಬಾರದವು.

ಜಾತಿಯ ಹೆಸರಿನ ವಿಷಯದಲ್ಲಿ ಆತುರ ಸಲ್ಲದು. ಈ ಪಂಗಡದ ಅನೇಕ ಜಾತಿಗಳು ಹೊರನೋಟಕ್ಕೆ ಒಂದೇ ಬಗೆ. ಗಂಡಿನ ಜನನಾಂಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಯೇ ತಜ್ಞರು ನಿರ್ಣಯಿಸುತ್ತಾರೆ. ಶಾಲೆಯ ಪುಸ್ತಕದಲ್ಲಿ ‘ಪೀಡರಸ್’ ಎಂದಷ್ಟೆ ಬರೆದು, ಎರಡು ಮೂರು ಹುಳುಗಳನ್ನು ಸ್ಪಿರಿಟ್ಟಿನಲ್ಲಿ ಇರಿಸುವುದು ಲೇಸು. ಹಿಡಿಯಲು ಬರಿಗೈ ಬೇಡ, ಕುಂಚವಾಗಲಿ ಕಾಗದದ ತುಂಡಾಗಲಿ ಇರಲಿ. ಚೀಟಿಯನ್ನು ಸೀಸದ ಕಡ್ಡಿಯಿಂದ ಬರೆದು ಸೀಸೆಯ ಒಳಗೇ ಹಾಕಬೇಕು. ಶಾಯಿಯಾದರೆ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ.