ಯುದ್ಧದ ಮಸೂರ, ಮುಖದ ಚಿತ್ರ

1936ರ ಮಾರ್ಚ್ ತಿಂಗಳು. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ನಿಪೊಮೊ ಎಂಬಲ್ಲಿ ಬಟಾಣಿ ಬಿಡಿಸುವ ಕೂಲಿಗಳ ಬಿಡಾರದ ಬಳಿ ಡೊರೊಥಿಯಾ ಲ್ಯಾಂಗ್ ಎಂಬ ಛಾಯಾಗ್ರಾಹಕಿ ಕಾರು ನಿಲ್ಲಿಸಿದರು. ಮಕ್ಕಳನ್ನು ಮೈಗೆ ಆತುಕೊಂಡು ಕುಳಿತಿದ್ದ ತಾಯಿಯೊಬ್ಬಳ ಕೆಲವೇ ಚಿತ್ರಗಳನ್ನು ತೆಗೆದರು. 'ವಲಸಿಗ ತಾಯಿ' ಎಂದು ಜಗತ್ತೆಲ್ಲ ಅರಿತ ಆ ಭಾವಚಿತ್ರ ಮೂಡಿದ್ದು ಗ್ರಾಫ್ಲೆಕ್ಸ್ ಎಂಬ ಕ್ಯಾಮೆರಾದಲ್ಲಿ.

ಗ್ರಾಫ್ಲೆಕ್ಸ್ ಎಂದರೆ ಚರ್ಮ ಹೊದಿಸಿದ ದೊಡ್ಡ ಮರದ ಪೆಟ್ಟಿಗೆ. ನೆತ್ತಿಯ ಮೇಲೊಂದು ಚರ್ಮದ ಚಿಮಣಿ. ಅದರೊಳಗೆ ಮುಖವಿಟ್ಟು ಇಣುಕಬೇಕು. ಮಸೂರದಿಂದ ಬಂದ ಬೆಳಕು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಗೆ ಬಡಿದು ಮೇಲಿನ ಮಸುಕು ಗಾಜಿನ ಮೇಲೆ ಬಿಂಬ ಮೂಡಿಸುತ್ತದೆ. ಎಡಬಲ ಅದಲುಬದಲು, ಆದರೆ ತಲೆಕೆಳಗಲ್ಲ. ಸನ್ನೆ ಅದುಮಿದರೆ ಕನ್ನಡಿ ಮೇಲಕ್ಕೆ ಹಾರಿ ಫಿಲ್ಮಿಗೆ ದಾರಿ ಬಿಡುತ್ತದೆ. ಫಿಲ್ಮಿನ ಅಳತೆ 4 ಅಂಗುಲಕ್ಕೆ 5 ಅಂಗುಲ. ಷಟರ್ ಮಸೂರದಲ್ಲಿಲ್ಲ, ಫಿಲ್ಮಿನ ಮುಂದೆಯೇ ಸೀಳುಗಳುಳ್ಳ ಬಟ್ಟೆಯ ಪರದೆ ಸರ್ರನೆ ಇಳಿಯುತ್ತದೆ. ನಾಲ್ಕು ಅಗಲದ ಸೀಳು, ಸ್ಪ್ರಿಂಗಿನ ಆರು ಬಿಗಿ. ಹೀಗೆ ಒಟ್ಟು 24 ವೇಗಗಳು.

ಇದೇ ಗಾತ್ರದ ಇತರ ಕ್ಯಾಮೆರಾಗಳಲ್ಲಿ ಫೋಕಸ್ ಮಾಡಿದ ಮೇಲೆ ಫಿಲ್ಮಿನ ಚೌಕಟ್ಟನ್ನು ತುರುಕಬೇಕು. ಆಮೇಲೆ ಛಾಯಾಗ್ರಾಹಕ ಕುರುಡ. ಅಷ್ಟರಲ್ಲಿ ಕುಳಿತವರು ಒಂದಿಷ್ಟು ಹಿಂದೆ ವಾಲಿದರೂ ಗೊತ್ತಾಗದು. ಗ್ರಾಫ್ಲೆಕ್ಸಿನಲ್ಲಿ ಕೊನೆಯ ಕ್ಷಣದವರೆಗೂ ಮುಖ ಕಾಣುತ್ತಲೇ ಇರುತ್ತದೆ. ಇದರ ತಯಾರಕ ಸಂಸ್ಥೆ 1973ರಲ್ಲಿ ಮುಚ್ಚಿದರೂ ಭಾವಚಿತ್ರದ ಹುಚ್ಚಿನವರು ಈ ಪೆಟ್ಟಿಗೆಗಳನ್ನು ಇಂದಿಗೂ ಹುಡುಕುವುದು ಈ ಗುಣಕ್ಕಾಗಿ. ಹುಡುಕಿ ತಂದು ಅವರು ಮಾಡುವ ಮೊದಲ ಕೆಲಸ ಮಸೂರ ಬದಲಿಸುವುದು.

ಹಲವರು ಆರಿಸುವುದು ಏರೋ ಎಕ್ಟಾರ್ ಮಸೂರವನ್ನು. ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ರಾತ್ರಿ ಹೊತ್ತು ನೆಲದ ಚಿತ್ರ ತೆಗೆಯಲು ಕೊಡಕ್ ಸಂಸ್ಥೆ ತಯಾರಿಸಿದ್ದು ಇದು. ಸಂಗಮದೂರ 178 ಮಿಲಿಮೀಟರ್, ದ್ಯುತಿರಂಧ್ರ ಎಫ್/2.5. ಭಾಗಿಸಿ ನೋಡಿದರೆ ಬೆಳಕಿನ ಕಿಂಡಿಯ ವ್ಯಾಸ 71 ಮಿಲಿಮೀಟರ್ ಎಂದಾಯಿತು! 4x5 ಅಂಗುಲದ ಸೂಪರ್ ಡಿ ಗ್ರಾಫ್ಲೆಕ್ಸಿಗೆ ಕಂಪೆನಿಯೇ ಕೊಡುತ್ತಿದ್ದ ಎಫ್/5.6 ಮಸೂರಕ್ಕಿಂತ ಐದು ಪಟ್ಟು ಬೆಳಕು. ಇದಕ್ಕೆ ಸ್ವಂತ ಷಟರ್ ಇಲ್ಲ. ಪೆಟ್ಟಿಗೆಯಲ್ಲೇ ಪರದೆ ಇರುವಾಗ ಅದರ ಚಿಂತೆಯೂ ಇಲ್ಲ.

ಈ ಮಸೂರದ ಗಾಜಿನಲ್ಲಿ ಥೋರಿಯಂ ಇದೆ. ಕೇರಳದ ಕಡಲತೀರದ ಮೊನಜೈಟ್ ಮರಳಿನಲ್ಲಿರುವ, ಒಂದು ಕಾಲಕ್ಕೆ ಪೆಟ್ರೋಮ್ಯಾಕ್ಸ್ ದೀಪದ ಮ್ಯಾಂಟಲಿಗೆ ಬಳಸುತ್ತಿದ್ದ ಅದೇ ಧಾತು. ಗಾಜಿನ ವಕ್ರೀಭವನಾಂಕ ಹೆಚ್ಚಿಸಲು ಅದನ್ನು ಬೆರೆಸಿದ್ದರು. ಅದರ ಅರ್ಧಾಯು ಸುಮಾರು 1,400 ಕೋಟಿ ವರ್ಷ. ಎಂದರೆ ವಿಕಿರಣ ನಿಧಾನ, ಆದರೆ ನಿಲ್ಲುವುದಿಲ್ಲ. ಅದರಿಂದಲೇ ಗಾಜು ವರ್ಷಗಳು ಕಳೆದಂತೆ ಚಹಾದ ಬಣ್ಣಕ್ಕೆ ತಿರುಗುತ್ತದೆ. ಕೆಲವು ದಿನ ಅತಿನೇರಳೆ ದೀಪದ ಕೆಳಗಿಟ್ಟರೆ ಬಣ್ಣ ಬಹುಮಟ್ಟಿಗೆ ಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಬಳಸುವುದಕ್ಕೆ ಹೆದರಬೇಕಾಗಿಲ್ಲ. ಗಾಜನ್ನು ಉಜ್ಜುವುದು, ಒಡೆಯುವುದು, ಕಣ್ಣಿಗೆ ಒತ್ತಿ ನೋಡುವುದು, ತಲೆದಿಂಬಿನ ಪಕ್ಕ ಇಡುವುದು ಮಾತ್ರ ಕೂಡದು.

ಜೋಡಣೆಗೆ ಹೊಸ ಹಲಗೆ ಕೊರೆದು, ಬೆಳಕು ನುಸುಳದಂತೆ ಬಿಗಿದರೆ ಆಯಿತು ಎನ್ನುವವರುಂಟು. ಕಷ್ಟ ಇರುವುದು ಒಳಗೆ. ಕನ್ನಡಿ ಏಳುವಾಗ ಮಸೂರದ ಹಿಂಬದಿಗೆ ತಾಗಬಾರದು. ಹಾಗಾಗಿ ಮಸೂರವನ್ನು ತುಸು ಮುಂದಿಟ್ಟರೆ ದೂರದ ಬೆಟ್ಟ ಸ್ಪಷ್ಟವಾಗದಿರಬಹುದು. ಆದರೆ ಎರಡು ಮೀಟರ್ ದೂರದ ಮುಖಕ್ಕೆ ಬಿಂಬ ಬೀಳುವುದು 178ರಲ್ಲಲ್ಲ, ಸುಮಾರು 195 ಮಿಲಿಮೀಟರಿನಲ್ಲಿ. ಹೈಸ್ಕೂಲಿನ ಮಸೂರ ಸೂತ್ರದಲ್ಲೇ ಲೆಕ್ಕ ಹಾಕಿ ನೋಡಬಹುದು. ಭಾವಚಿತ್ರ ತೆಗೆಯುವವನಿಗೆ ಬೆಟ್ಟದಿಂದ ಆಗಬೇಕಾದ್ದೇನು?

ಅದೇ ದೂರದಲ್ಲಿ, ಕಿಂಡಿ ಪೂರ್ತಿ ತೆರೆದಾಗ, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚುಕಡಿಮೆ ಆರು ಸೆಂಟಿಮೀಟರ್ ಮಾತ್ರ. ಕಣ್ಣು ಹರಿತವಾದರೆ ಕಿವಿ ಮಂಜು. ಈ ಮಸೂರದ ಸೊಬಗೂ ಅದೇ, ಅಪಾಯವೂ ಅದೇ. ಮಸೂರದಿಂದ ಕನ್ನಡಿಯ ಮೂಲಕ ಮಸುಕು ಗಾಜಿಗಿರುವ ದೂರ, ನೇರವಾಗಿ ಫಿಲ್ಮಿಗಿರುವ ದೂರ ಎರಡೂ ಒಂದೇ ಇರಬೇಕು. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಇತ್ತ ಮುಖದ ಬಳಿ ಸುಮಾರು ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಕಣ್ಣಿಗೆಂದು ಹಿಡಿದದ್ದು ಕಿವಿಗೆ ಹೋಯಿತು!

ಹಳೆಯ ಕ್ಯಾಮೆರಾದಲ್ಲಿ ಕನ್ನಡಿಯ ರಜತ ಲೇಪ ಕಂದಿರುತ್ತದೆ. ಬದಲಿಸುವಾಗ ಮನೆಯ ಕನ್ನಡಿ ಕತ್ತರಿಸಿ ಹಾಕಿದರೆ ಬಿಂಬ ಎರಡಾಗುತ್ತದೆ. ಅದರ ಲೇಪ ಗಾಜಿನ ಹಿಂದಿರುವುದರಿಂದ. ಮುಂಮೈಗೆ ಲೇಪವಿರುವ ಕನ್ನಡಿಯೇ ಬೇಕು, ಅದೂ ಮೊದಲಿನದರಷ್ಟೇ ದಪ್ಪದ್ದು. ಒಂದು ಮಿಲಿಮೀಟರ್ ದಪ್ಪ ಹೆಚ್ಚಾದರೆ ಬೆಳಕಿನ ಹಾದಿ 1.4 ಮಿಲಿಮೀಟರ್ ಕಡಿಮೆಯಾಗುತ್ತದೆ.

ಪರೀಕ್ಷೆಗೆ ದುಬಾರಿ ಉಪಕರಣವೇನೂ ಬೇಡ. ಫಿಲ್ಮ್ ಕೂರುವ ಜಾಗದಲ್ಲೇ ಮಸುಕು ಗಾಜಿನ ತುಂಡೊಂದನ್ನಿಟ್ಟು, ಪರದೆ ಪೂರ್ತಿ ತೆರೆದು, ಓರೆಯಾಗಿ ನಿಲ್ಲಿಸಿದ ವಾರ್ತಾಪತ್ರಿಕೆಯನ್ನು ಭೂತಗನ್ನಡಿಯಿಂದ ನೋಡಬೇಕು. ಮೇಲಿನ ಗಾಜಿನಲ್ಲಿ ಯಾವ ಸಾಲು ಹರಿತವೋ ಹಿಂದೆಯೂ ಅದೇ ಸಾಲು ಹರಿತವಾಗಿರಬೇಕು. ಇಲ್ಲದಿದ್ದರೆ ಮೇಲಿನ ಗಾಜಿನ ಅಂಚಿಗೆ ಕಾಗದದ ಪಟ್ಟಿ ಇಟ್ಟೋ, ಕನ್ನಡಿಯ ಆನಿಕೆ ಸರಿಪಡಿಸಿಯೋ ಹೊಂದಿಸಬೇಕು. ಒಂದು ದಿನದ ತಾಳ್ಮೆಯ ಕೆಲಸ. ಹಲಗೆ ಕೊರೆಯುವ ಉತ್ಸಾಹದಲ್ಲಿ ಬಹಳ ಮಂದಿ ಬಿಟ್ಟುಬಿಡುವುದೂ ಇದನ್ನೇ.

ಕೊರೆಯುವುದೇನಿದ್ದರೂ ಹೊಸ ಹಲಗೆಯಲ್ಲಿ. ಹಳೆಯ ಪೆಟ್ಟಿಗೆಗೆ ಒಂದು ಮೊಳೆಯೂ ಬೀಳಬಾರದು. ಕಳಚಿದ ಮೂಲ ಮಸೂರವನ್ನು ಅದರ ಹಲಗೆಸಮೇತ ಎತ್ತಿಟ್ಟರೆ, ಬೇಕೆಂದಾಗ ಎರಡು ನಿಮಿಷದಲ್ಲಿ ತಿರುಗಿ ಕೂರಿಸಬಹುದು.